ಮಕ್ಕಳು ಒಳಗೆ, ತರಬೇತಿ ಹೊರಗೆ

ಶಿಸ್ತಿಗೆ ವಯಸ್ಸಿಲ್ಲ, ಮೂರು ವರ್ಷದ ಮಗುವಿಗೂ ಅದನ್ನು ಕಲಿಸಬಹುದು ಎಂಬುದು ನನ್ನ ಅಚಲ ನಂಬಿಕೆಯಾಗಿತ್ತು. ಅರಕಲಗೂಡು, ಚನ್ನರಾಯಪಟ್ಟಣ, ಹಾಸನ ಎಂದು ವರ್ಗವಾದಲ್ಲೆಲ್ಲ ಹೈಸ್ಕೂಲು ಹುಡುಗಿಯರನ್ನು ಬಿಸಿಲಿನಲ್ಲಿ ನಿಲ್ಲಿಸಿ ಎಡಬಲ ತಿಳಿಸಿದ ದೈಹಿಕ ಶಿಕ್ಷಕಿ ನಾನು. ಪಥಸಂಚಲನದ ದಿನ ನನ್ನ ಹುಡುಗಿಯರ ಸಾಲಿಗೆ ದಾರ ಹಿಡಿದು ನೋಡಿದರೂ ಒಂದು ಮೂಗು ಮುಂದೆ ಬಂದಿರುತ್ತಿರಲಿಲ್ಲ. ಅಂಥವಳಿಗೆ ಅಂಗನವಾಡಿ ಮಕ್ಕಳು ಯಾವ ಲೆಕ್ಕ?

ನಿವೃತ್ತಳಾಗಿ ಹಳ್ಳಿಮೈಸೂರು ಹೋಬಳಿಯ ನಮ್ಮೂರಿಗೆ ಬಂದ ಮೇಲೆ ನನ್ನ ಕೈಕೆಳಗೆ ಉಳಿದವರು ಯಜಮಾನರೊಬ್ಬರೇ. ಅವರು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಊರಿಗೆಲ್ಲ 'ಒಳಗೆ ಹೋಗಿ, ಮುಂದೆ ಹೋಗಿ' ಎಂದು ಹೇಳಿ ಅಭ್ಯಾಸವೇ ಹೊರತು ಇನ್ನೊಬ್ಬರು ಹೇಳಿದ್ದನ್ನು ಕೇಳಿ ಅಭ್ಯಾಸವಿಲ್ಲ. ಹೀಗಾಗಿ ನನ್ನ ಶಿಸ್ತು ಕೆಲಸವಿಲ್ಲದೆ ತುಕ್ಕು ಹಿಡಿಯುತ್ತಿತ್ತು.

ಅಂಥ ಹೊತ್ತಿನಲ್ಲಿ ನಮ್ಮೂರ ಅಂಗನವಾಡಿ ಟೀಚರ್ ಮಂಜುಳ ಜಗಲಿಗೆ ಬಂದು ಕೂತಳು. ಮುಖ ಬಾಡಿತ್ತು.

"ಸರೋಜಕ್ಕ, ಪ್ಯಾಟೆ ಇಂಗ್ಲಿಷ್ ಸ್ಕೂಲಿನ ವ್ಯಾನು ಇನ್ಮೇಲೆ ನಮ್ಮೂರ್ಗೂ ಬತ್ತದಂತೆ. ತಾಯಂದ್ರೆಲ್ಲ ಅತ್ಲಾಗೇ ನೋಡ್ತಾವ್ರೆ. ಮಕ್ಳು ಕಮ್ಮಿ ಆದ್ರೆ ನಮ್ ಸೆಂಟ್ರ ಪಕ್ಕದೂರ್ಗೆ ಸೇರುಸ್ಬುಡ್ತಾರೆ. ನನ್ ಕತೆ ಎಂಗೋ ಆಯ್ತದೆ. ಜಯಮ್ಮುಂಗೆ ಕೆಲ್ಸ ಓಯ್ತದೆ ಕಣಕ್ಕ."

ಜಯಮ್ಮ ಅಂಗನವಾಡಿಯ ಸಹಾಯಕಿ. ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದು, ಅಡಿಗೆ ಮಾಡಿ ಉಣಿಸುವುದು, ಮೂಗು ಒರೆಸುವುದು, ಎಲ್ಲವೂ ಅವಳದೇ. ಆ ಕೆಲಸ ಬಿಟ್ಟರೆ ಅವಳಿಗೆ ಬೇರೆ ಆಧಾರವಿಲ್ಲ.

ವಿಷಯ ಇಷ್ಟು. ತಾಯಂದಿರ ಸಭೆ ಗೊತ್ತಾಗಿದೆ. ಮೇಲ್ವಿಚಾರಕಿ ಮೇಡಂ ಬರುತ್ತಾರೆ. ಮಕ್ಕಳನ್ನು ಇಲ್ಲೇ ಬಿಡುತ್ತೇವೋ ವ್ಯಾನಿಗೆ ಹತ್ತಿಸುತ್ತೇವೋ ಎಂದು ತಾಯಂದಿರು ಅವತ್ತೇ ಹೇಳಬೇಕು. ಅಷ್ಟರೊಳಗೆ ಏನಾದರೂ ಹೊಸ ಚಟುವಟಿಕೆ ಕಲಿಸಿಕೊಟ್ಟರೆ ತಾಯಂದಿರ ಮನಸ್ಸು ತಿರುಗೀತು. ಮೇಡಂಗೂ ಹಿಡಿಸಿದರೆ ಸುತ್ತಲಿನ ಟೀಚರುಗಳಿಗೆಲ್ಲ ನನ್ನಿಂದಲೇ ತರಬೇತಿ ಕೊಡಿಸುತ್ತಾರಂತೆ.

ಕೊನೆಯ ಮಾತು ಕೇಳಿದ್ದೇ ತಡ, ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು.

"ಇನ್ನೂ ಚಡ್ಡಿ ಆಕ್ಕಳಕ್ ಬರ್ದಿರೋ ಮಕ್ಳು ಕಣೆ ಅವು. ಪರೇಡ್ ಗಿರೇಡ್ ಮಾಡುಸ್ಬ್ಯಾಡ," ಎಂದರು ಯಜಮಾನರು.

"ನಿಮಗೆ ಶಿಶುಶಿಕ್ಷಣ ತಿಳಿಯದು," ಎಂದೆ.

ನನಗೂ ತಿಳಿಯದು ಎಂಬುದು ಆಗ ತಿಳಿದಿರಲಿಲ್ಲ.

ಮಾರನೆಯ ಬೆಳಿಗ್ಗೆಯೇ ಕೊರಳಿಗೆ ಸೀಟಿ ಹಾಕಿಕೊಂಡು ಕಾರ್ಯಕ್ಷೇತ್ರಕ್ಕೆ ಇಳಿದೆ. ಮೊದಲು ಅವರೆಕಾಳು, ಹುಣಸೆಬೀಜ ಬೆರೆಸಿ ಕೊಟ್ಟು ಬೇರೆ ಮಾಡಿಸಿದೆ. ಎಲ್ಲರೂ ಚೆನ್ನಾಗಿಯೇ ವಿಂಗಡಿಸಿದರು. ಒಬ್ಬ ಮಾತ್ರ ಒಂದು ಅವರೆಕಾಳನ್ನು ಮೂಗಿನೊಳಗೆ ವಿಂಗಡಿಸಿಕೊಂಡ. ಜಯಮ್ಮ ಅವನ ಇನ್ನೊಂದು ಹೊಳ್ಳೆ ಒತ್ತಿ ಹಿಡಿದು ಸೀನಿಸಿ ಅದನ್ನು ಹೊರಗೆ ತಂದಳು. ಅಲ್ಲಿಗೆ ಕಾಳಿನ ವಿಭಾಗ ಮುಚ್ಚಿದೆ.

ಕೈಬೆರಳಿಗೆ ವ್ಯಾಯಾಮ ಬೇಕಲ್ಲ? ಗುಂಡಿ ಹಾಕುವುದು, ಗಂಟು ಬಿಚ್ಚುವುದು ಆಯಿತು. ಆಮೇಲೆ ನನಗೊಂದು ಮಹತ್ತರ ಯೋಚನೆ ಬಂತು: ಚಿಲಕ. ಹಾಕಿ ತೆಗೆದು ಮಾಡಿದರೆ ಬೆರಳಿಗೂ ಬಲ, ಬುದ್ಧಿಗೂ ಬಲ. ಬಡಗಿಯನ್ನು ಕರೆಸಿ ಬಾಗಿಲ ಒಳಗಡೆ ಮಕ್ಕಳ ಎತ್ತರಕ್ಕೆ ಸರಿಯಾಗಿ ಒಂದು ಗಟ್ಟಿ ಚಿಲಕ ಹಾಕಿಸಿದೆ. ಬಡಗಿ ಒಮ್ಮೆ ನನ್ನ ಮುಖ, ಒಮ್ಮೆ ಬಾಗಿಲು ನೋಡಿದ. ಹಿರಿಯಳು ಎಂದು ಸುಮ್ಮನಾದ.

ಚಿಲಕಕ್ಕೆ ಒಬ್ಬ ಮಂತ್ರಿಯನ್ನೂ ನೇಮಿಸಿದೆ. ಹೆಸರು ಗಗನ, ಗುಂಡುಗುಂಡಗಿನ ಹುಡುಗ. ಮುಂದೆಯೇ ಟಾರು ರಸ್ತೆ, ಟ್ರ್ಯಾಕ್ಟರುಗಳ ಓಡಾಟ. ಆದ್ದರಿಂದ ದೊಡ್ಡವರೆಲ್ಲ ಹೊರಗೆ ಹೋದ ತಕ್ಷಣ ಗಗನ ಚಿಲಕ ಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ಕೂರಬೇಕು. ಸುರಕ್ಷತೆಯೂ ಆಯಿತು, ವ್ಯಾಯಾಮವೂ ಆಯಿತು.

ಇವೆಲ್ಲಕ್ಕೂ ಕಳಶವಿಟ್ಟದ್ದು ಮೌನದ ಆಟ. 'ಮೌನ' ಎಂದರೆ ಮಕ್ಕಳೆಲ್ಲ ಚಕ್ಕಳಮಕ್ಕಳ ಹಾಕಿ, ತುಟಿಗೆ ಬೆರಳಿಟ್ಟು ಕೂರಬೇಕು. ಸೀಟಿ ಊದುವವರೆಗೆ ಏಳುವಂತಿಲ್ಲ. ಶುರುವಿನಲ್ಲಿ ಯಾರೋ ಕರೆದರೆಂದು ಎದ್ದು ಓಡುತ್ತಿದ್ದರು. ನಾನು ಬಿಡಲಿಲ್ಲ. ಕಿಟಕಿಯ ಆಚೆ ನಿಂತು, "ಚಾಕಲೇಟು ಬೇಕಾ?" ಎಂದೆ. ಎದ್ದವರು ಆಟದಿಂದ ಔಟು. "ನಿಮ್ಮ ಅಮ್ಮ ಬಂದರು," ಎಂದೆ. ಎದ್ದವರು ಔಟು. "ನಾನೇ ಹೇಳುತ್ತಿದ್ದೇನೆ, ಬಾಗಿಲು ತೆಗೆಯಿರಿ," ಎಂದೆ. ಅದಕ್ಕೂ ಕೆಲವರು ಬಿದ್ದರು. ದಿನ ಕಳೆದಂತೆ ಬೀಳುವವರು ಕಡಿಮೆಯಾದರು. ಕೊನೆಗೆ ಹೊರಗಿನಿಂದ ಯಾರು ಏನೇ ಅಂದರೂ ಅದು ಅಜ್ಜಿಯ ಪರೀಕ್ಷೆ ಎಂದು ಮಕ್ಕಳು ಖಚಿತವಾಗಿ ನಂಬಿದರು.

ನನಗೆ ಆನಂದಬಾಷ್ಪ ಬಂತು. ಮಂಜುಳ ಮಾತ್ರ, "ಮಕ್ಳು ಇಷ್ಟ್ ಸುಮ್ಕಿದ್ರೆ ನಂಗೆ ಒಂಥರಾ ಭಯ ಆಯ್ತದೆ ಸರೋಜಕ್ಕ," ಎಂದಳು. ಅನುಭವ ಸಾಲದು ಎಂದುಕೊಂಡೆ.

ಲೀಡರಾಗಿ ದೀಕ್ಷಾ ಎಂಬ ಹುಡುಗಿಯನ್ನು ಆರಿಸಿದೆ. ಎರಡು ಜಡೆ, ಚೂಪು ಕಣ್ಣು, ಹೇಳಿದ್ದನ್ನು ಮರೆಯದ ಮಗು. ಮೌನದಲ್ಲಿ ಮಾತನಾಡಲು ಅವಳೊಬ್ಬಳಿಗೇ ಅನುಮತಿ. ಸಭೆಯ ದಿನ ನನ್ನ ಸೀಟಿಯನ್ನು ಅವಳ ಕೊರಳಿಗೇ ಹಾಕಿದೆ. "ಬಂದವರೆಲ್ಲ ಕೂತ ಮೇಲೆ ಊದಬೇಕು. ಒಬ್ಬರು ನಿಂತಿದ್ದರೂ ಊದಕೂಡದು," ಎಂದು ಹೇಳಿಕೊಟ್ಟೆ. ದೀಕ್ಷಾ ತಲೆಯಾಡಿಸಿದಳು.

ಅಂಗಳವನ್ನು ಸಗಣಿಯಿಂದ ಸಾರಿಸಿ ರಂಗೋಲಿ ಬಿಡಿಸಿದ್ದೆವು. ತಾಯಂದಿರು ಒಬ್ಬೊಬ್ಬರಾಗಿ ಬಂದು ಹೊಂಗೆಮರದ ನೆರಳಿನಲ್ಲಿ ನಿಂತರು. ಅಕ್ಕಪಕ್ಕದ ಊರುಗಳ ಟೀಚರುಗಳೂ ಬಂದು, ನನ್ನ ವಿಧಾನವನ್ನು ವಿಡಿಯೋ ಮಾಡಿಕೊಳ್ಳಲು ಮೊಬೈಲು ಸಿದ್ಧವಿಟ್ಟುಕೊಂಡರು. ಮೇಡಂ ಅವರ ಸ್ಕೂಟಿ ತಿರುವಿನಲ್ಲಿ ಕಾಣಿಸಿತು. ನಾನು ಒಳಗೆ ತಿರುಗಿ, "ಮೌನ," ಎಂದೆ. ಬೆರಳುಗಳು ತುಟಿಗೆ ಏರಿದವು. ಮಂಜುಳ ಕುಂಕುಮದ ತಟ್ಟೆ ಹಿಡಿದು ಹೊರಗೆ ಬಂದಳು. ನಾನೂ ಬಂದೆ. ಅಡಿಗೆ ಕೋಣೆಯಿಂದ ಜಯಮ್ಮನೂ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

ಹಿಂದೆ ಟಕ್ ಎಂದು ಸದ್ದಾಯಿತು. ಚಿಲಕ ಮಂತ್ರಿ ಕರ್ತವ್ಯ ನಿರ್ವಹಿಸಿದ್ದ.

ಮೇಡಂ ಹಾಸನದವರು. ಗಂಜಿ ಹಾಕಿದ ಕಾಟನ್ ಸೀರೆ, ನೆರಿಗೆ ಕತ್ತರಿಸಿದ ಹಾಗಿತ್ತು. ಕುಂಕುಮ ಇಟ್ಟುಕೊಂಡು, "ಎಲ್ರಿ ಮಕ್ಕಳು?" ಎಂದರು.

"ಒಳಗಿದ್ದಾರೆ ಮೇಡಂ. ಬನ್ನಿ, ನೋಡಿ," ಎಂದು ನಾನು ಠೀವಿಯಿಂದ ಬಾಗಿಲು ತಳ್ಳಿದೆ. ಬಾಗಿಲು ತೆರೆಯಲಿಲ್ಲ.

"ಗಗನಾ, ಚಿಲ್ಕ ತೆಗಿ ಬಂಗಾರ," ಎಂದಳು ಮಂಜುಳ. ಒಳಗೆ ನಿಶ್ಶಬ್ದ. ಕಿಟಕಿಯ ಸರಳುಗಳಿಂದ ಇಣುಕಿದೆವು. ಮಕ್ಕಳು ಸಾಲಾಗಿ ಕೂತಿದ್ದರು. ಒಂದು ಮೂಗೂ ಮುಂದೆ ಬಂದಿರಲಿಲ್ಲ.

ಗಗನನ ತಾಯಿ ಬಂದರು. "ಲೇ ಗಗನ, ನಾನ್ ಕಣ್ಲಾ, ನಿಮ್ಮವ್ವ. ಬಾಗ್ಲು ತೆಗಿ."

ಗಗನ ತಾಯಿಯನ್ನು ನೋಡಿ, ಮುಖವನ್ನು ಗೋಡೆ ಕಡೆ ತಿರುಗಿಸಿದ. ಆಸೆಯಾದರೆ ಗೋಡೆ ನೋಡಬೇಕು ಎಂದು ಕಲಿಸಿದವಳು ನಾನೇ.

"ಇದೇನಾಯ್ತು ನನ್ ಮೊಗೀಗೆ? ಯಾರೋ ಮಾಟ ಮಾಡ್ದಂಗದಲ್ಲ!"

ಒಬ್ಬ ತಾಯಿ ಬಿಸ್ಕತ್ತು ತೋರಿಸಿದರು. ಇನ್ನೊಬ್ಬರು ಮೊಬೈಲಿನಲ್ಲಿ ಬೊಂಬೆಯ ಚಿತ್ರ ಹಾಕಿ ಸರಳಿಗೆ ಹಿಡಿದರು. ಮಕ್ಕಳೆಲ್ಲ ಗೋಡೆ ನೋಡಿದರು. ಅಷ್ಟರಲ್ಲಿ ಒಳಗೆ ಕುಕ್ಕರು ಕೂಗಿತು. ಜಯಮ್ಮ ಹಣೆ ಚಚ್ಚಿಕೊಂಡಳು.

"ಅಯ್ಯೋ, ಬ್ಯಾಳೆ ಇಕ್ಕಿ ಬಂದ್ಬುಟ್ಟಿವ್ನಿ ಕಣವ್ವ. ಇನ್ನೇನ್ ಇಳ್ಸಬೇಕು ಅಂತ ನೀರೂ ಕಮ್ಮಿ ಉಯ್ದಿವ್ನಿ."

ಸಿಲಿಂಡರು ಒಳಗೆ. ಹಿಂಬಾಗಿಲು ಇಲ್ಲ. ಒಲೆ ಹತ್ತಿರ ಮಕ್ಕಳನ್ನು ಕಳಿಸುವಂತಿಲ್ಲ. ನಗುತ್ತಿದ್ದವರ ನಗು ನಿಂತುಹೋಯಿತು. ಜಯಮ್ಮ ಅಡಿಗೆ ಕೋಣೆಯ ಕಿಟಕಿಗೆ ಓಡಿ ಸರಳಿನೊಳಗೆ ಕೈ ತೂರಿಸಿದಳು. ಮೊಣಕೈವರೆಗೆ ಹೋಯಿತು. ಒಲೆ ಇನ್ನೂ ದೂರವಿತ್ತು. ಚರ್ಮ ತರಚಿ ರಕ್ತ ಬಂದರೂ ಕೈ ತೆಗೆಯಲಿಲ್ಲ. "ನನ್ ಮಕ್ಳು, ನನ್ ಮಕ್ಳು," ಎಂದು ಅಳುತ್ತಿದ್ದಳು.

ಯಾರೋ ಹಾರೆ ತಂದರು. ಬಾಗಿಲು ಮೀಟೋಣ ಎಂದರೆ ಚಿಲಕ ಮಂತ್ರಿ ಬಾಗಿಲಿಗೇ ಬೆನ್ನು ಕೊಟ್ಟು ಕೂತಿದ್ದಾನೆ. "ನನ್ ಮಗುನ್ ತಲೆ ಅದೆ ಅಲ್ಲಿ," ಎಂದು ಅವನ ತಾಯಿ ಹಾರೆಗೆ ಅಡ್ಡ ನಿಂತರು.

ನಾನು ಕಿಟಕಿಗೆ ಹೋಗಿ ಮೈದಾನದ ಕಂಠದಲ್ಲಿ ಗರ್ಜಿಸಿದೆ. "ದೀಕ್ಷಾ, ಇದು ನನ್ನ ಆಜ್ಞೆ. ಬಾಗಿಲು ತೆಗೆಸು."

"ನೀವ್ ಬಂದು ಏಳುದ್ರೂ ತೆಗೀಬಾರ್ದು ಅಂತ ನೀವೇ ಏಳಿದ್ರಲ್ಲ ಅಜ್ಜಿ," ಎಂದಳು ದೀಕ್ಷಾ.

ತಾಯಂದಿರೆಲ್ಲ ಒಟ್ಟಿಗೆ ತಿರುಗಿ ನನ್ನನ್ನು ನೋಡಿದರು. ಪಥಸಂಚಲನದಲ್ಲಿಯೂ ಅಷ್ಟು ಒಟ್ಟಿಗೆ ತಿರುಗಿದವರನ್ನು ನಾನು ಕಂಡಿಲ್ಲ.

"ಏನ್ರೀ ಇದು? ಇದನ್ನೇನ್ರೀ ನೀವು ಚಟುವಟಿಕೆ ಅಂದಿದ್ದು?" ಎಂದರು ಮೇಡಂ.

ಗಲಾಟೆ ಕೇಳಿ ಯಜಮಾನರು ಬಂದರು. ವಿಷಯ ತಿಳಿದದ್ದೇ ಮನೆಗೆ ಓಡಿ, ತಮ್ಮ ಕಂಡಕ್ಟರ್ ಕಾಲದ ಸೀಟಿ ತಂದು, ಕಿಟಕಿಗೆ ಬಾಯಿಟ್ಟು ಊದಿದರು. ರಸ್ತೆಯಲ್ಲಿ ಹೋಗುತ್ತಿದ್ದ ಒಂದು ಆಟೋ ನಿಂತಿತು. ಮಕ್ಕಳು ಅಲುಗಲಿಲ್ಲ.

"ಅದು ನಮ್ ಸೀಟಿ ಅಲ್ಲ ತಾತ. ನಮ್ದು ನನ್ತಾವೇ ಅದೆ," ಎಂದಳು ದೀಕ್ಷಾ, ಎತ್ತಿ ತೋರಿಸಿ.

ಕುಕ್ಕರು ಮತ್ತೆ ಕೂಗಲಿಲ್ಲ. ಬದಲಿಗೆ ಸೀದ ವಾಸನೆ ಬರತೊಡಗಿತು. ಆ ಸಾಲಿನಲ್ಲಿ ಒಂದೇ ಒಂದು ಮಗು ಅವಿಧೇಯವಾಗಿದ್ದರೆ ಸಾಕು ಎಂದು, ಜೀವಮಾನದಲ್ಲಿ ಮೊದಲ ಬಾರಿಗೆ ದೇವರನ್ನು ಬೇಡಿಕೊಂಡೆ. ಒಂದೂ ಇರಲಿಲ್ಲ. ನನ್ನ ತರಬೇತಿ ಅಷ್ಟು ಅಚ್ಚುಕಟ್ಟು.

ಯಜಮಾನರು ಸರಳಿಗೆ ಹಣೆ ಆನಿಸಿ ಮೆಲ್ಲಗೆ ಕೇಳಿದರು. "ಅಂಗಾರೆ ರೈಟ್ ಯಾವಾಗವ್ವ ಕೊಡದು?"

"ಬಂದೋರೆಲ್ಲ ಕೂತ್ಕಂಡ್ಮೇಲೆ."

ಅವರು ತಿರುಗಿ, ತುಂಬಿದ ಬಸ್ಸಿಗೆ ಹೇಳುವ ಸ್ವರದಲ್ಲಿ ಹೇಳಿದರು. "ಎಲ್ರೂ ಕೂತ್ಕಳ್ರಪ್ಪ, ಕೂತ್ಕಳಿ. ಇದ್ದಿದ್ದ ಜಾಗದಲ್ಲೇ ಕೂತ್ಕಳಿ. ಕೂತ್ರೇ ಗಾಡಿ ಒರಡದು."

ತಾಯಂದಿರು ದಬದಬನೆ ಕೂತರು. ಜಯಮ್ಮ ಸರಳಿನಿಂದ ಕೈ ಎಳೆದುಕೊಂಡು ಕೂತಳು. ಹಾರೆ ಹಿಡಿದವನು ಹಾರೆ ಸಮೇತ ಕೂತ. ಟೀಚರುಗಳು ವಿಡಿಯೋ ನಿಲ್ಲಿಸದೆ ಕೂತರು. ಮೇಡಂ ಒಮ್ಮೆ ಹಸಿ ಸಗಣಿಯ ನೆಲ ನೋಡಿದರು, ಒಮ್ಮೆ ಸೀರೆ ನೋಡಿಕೊಂಡರು, ಕಣ್ಣು ಮುಚ್ಚಿ ರಂಗೋಲಿಯ ನಟ್ಟನಡುವೆ ಕೂತುಬಿಟ್ಟರು.

ದೀಕ್ಷಾ ಕಿಟಕಿಗೆ ಬಂದು ಅಂಗಳವನ್ನೆಲ್ಲ ಕಣ್ಣಾಡಿಸಿ ನೋಡಿದಳು. ಸೀಟಿ ತುಟಿಯವರೆಗೂ ಬಂತು. ಅಲ್ಲೇ ನಿಂತಿತು.

"ಅಜ್ಜಿ ನಿಂತವ್ರೆ."

ನನ್ನ ಮಂಡಿಗಳ ವಿಷಯ ಊರಿಗೆ ತಿಳಿಯದು. ದಿನಾ ವ್ಯಾಯಾಮ ಮಾಡುವವರಿಗೆ ಮಂಡಿನೋವು ಬರುವುದಿಲ್ಲ ಎಂದು ಮಹಿಳಾ ಸಂಘದಲ್ಲಿ ಭಾಷಣ ಮಾಡಿದವಳು ನಾನು. ನೆಲದ ಮೇಲೆ ಕೂತು ಎಷ್ಟೋ ಕಾಲವಾಗಿತ್ತು.

"ಕೂತ್ಕಳೆ ಮಾರಾಯ್ತಿ, ನಿನ್ನೊಬ್ಳಿಂದ ಗಾಡಿ ನಿಂತದೆ," ಎಂದರು ಯಜಮಾನರು, ನೆಲದಿಂದಲೇ.

ಕೂತೆ. ಕೂತೆ ಎನ್ನುವುದಕ್ಕಿಂತ ಬಿದ್ದೆ ಎನ್ನುವುದು ಸರಿ. ಎರಡು ಮಂಡಿಗಳೂ ಗೇರುಬೀಜ ಒಡೆದಂತೆ ಸದ್ದು ಮಾಡಿದವು.

ಸೀಟಿ ಮೊಳಗಿತು. ಚಿಲಕ ಸರಿಯಿತು. ಜಯಮ್ಮ ಬಾಗಿಲನ್ನು ತಳ್ಳಿಕೊಂಡು ಒಳಗೆ ಹಾರಿ ಗ್ಯಾಸು ಆರಿಸಿದಳು. ಬೇಳೆ ಇದ್ದಿಲಾಗಿತ್ತು. ಮಕ್ಕಳು ನೆಟ್ಟನೆಯ ಸಾಲಿನಲ್ಲಿ ಹೊರಗೆ ಬಂದು, ನೆಲದಲ್ಲಿ ಕೂತಿದ್ದ ನಮಗೆಲ್ಲ ಒಕ್ಕೊರಲಿನಿಂದ, "ಸುಸ್ವಾಗತ," ಎಂದರು. ಬಳಿಕ ಸಾಲು ಮುರಿದು ತಾಯಂದಿರ ಮಡಿಲಿಗೆ ನುಗ್ಗಿದರು. ಅರ್ಧದಷ್ಟು ಮಕ್ಕಳು ನುಗ್ಗಿದ್ದು ಜಯಮ್ಮನ ಕಡೆಗೆ.

ನಾನು ಮಾತ್ರ ಏಳಲಿಲ್ಲ. ಏಳಲಾಗಲಿಲ್ಲ.

ಮೇಡಂ ಸೀರೆ ಕೊಡವಿಕೊಳ್ಳುತ್ತ ಸಭೆ ಶುರುಮಾಡಿದರು. ಮುಖ ಗಂಟಿಕ್ಕಿತ್ತು. "ಹೇಳಿ. ಮಕ್ಕಳನ್ನ ಇಲ್ಲೇ ಬಿಡ್ತೀರೋ, ವ್ಯಾನಿಗೋ?"

ಮಂಜುಳ ತಲೆ ತಗ್ಗಿಸಿ ನಿಂತಿದ್ದಳು. ಜಯಮ್ಮ ಗಾಯದ ಕೈಗೆ ಅರಿಶಿನ ಒತ್ತಿಕೊಂಡು ಮೂಲೆಯಲ್ಲಿದ್ದಳು. ತಾಯಂದಿರು ಗುಸುಗುಸು ಮಾಡಿದರು. ಕೊನೆಗೆ ಗಗನನ ತಾಯಿ ಎದ್ದು ನಿಂತರು.

"ಇಲ್ಲೇ ಬುಡ್ತೀವಿ ಮೇಡಂ. ಆ ಜಯಮ್ಮ ಕೈ ಕುಯ್ದೋದ್ರೂ ಬುಡ್ದಂಗೆ ಅಳ್ತಾ ನಿಂತಿದ್ಲಲ್ಲ, ವ್ಯಾನ್ ಡ್ರೈವರ್ ಅಂಗ್ ಅಳ್ತಾನಾ? ಆದ್ರೆ ನಮ್ದೊಂದು ಕಂಡೀಸನ್ನು."

"ಏನು?"

ಆಕೆ ಬೆರಳನ್ನು ನನ್ನ ಕಡೆ ತೋರಿಸಿದರು. "ಈ ಅಜ್ಜಿ ಒಳೀಕೆ ಬರ್ಕೂಡ್ದು."

ಒಪ್ಪಿಗೆ ಇದ್ದವರು ಕೈ ಎತ್ತಿ ಎಂದರು ಮೇಡಂ. ಮೊದಲು ಎದ್ದದ್ದು ನನ್ನ ಯಜಮಾನರ ಕೈ. ಜಯಮ್ಮನೂ ಗಾಯದ ಕೈಯನ್ನೇ ಎತ್ತಿದಳು. ನಾನೂ ಎತ್ತಿದೆ. ಯಾರಾದರೂ ಅದನ್ನು ಹಿಡಿದು ಮೇಲಕ್ಕೆ ಎಳೆಯಲಿ ಎಂದು. ನಡಾವಳಿಯಲ್ಲಿ 'ಸರ್ವಾನುಮತ' ಎಂದು ದಾಖಲಾಯಿತು.

ಚಿಲಕವನ್ನು ಅಂದೇ ಬಿಚ್ಚಿಸಿದರು. ಅಂಗನವಾಡಿ ನಡೆಯುತ್ತಿದೆ, ಗದ್ದಲ ನಮ್ಮ ಮನೆಯವರೆಗೂ ಕೇಳುತ್ತದೆ. ಇನ್ನು ತರಬೇತಿಯ ವಿಷಯ. ಅದೂ ನಡೆಯಿತು. ಟೀಚರುಗಳು ಮಾಡಿದ ವಿಡಿಯೋವನ್ನು ಮೇಡಂ ತರಿಸಿಕೊಂಡು, ಮಕ್ಕಳ ಸುರಕ್ಷತೆಯ ಪಾಠಕ್ಕೆ ಇಟ್ಟುಕೊಂಡಿದ್ದಾರಂತೆ. ಹೊಳೆನರಸೀಪುರದಿಂದ ಹಾಸನದವರೆಗೆ ಎಲ್ಲ ಟೀಚರುಗಳೂ ನನ್ನನ್ನು ನೋಡಿ ಕಲಿಯುತ್ತಿದ್ದಾರೆ. ಸಗಣಿ ಅಂಗಳದಲ್ಲಿ ಕೂತು, ಇಬ್ಬರು ತಾಯಂದಿರು ಕಂಕುಳಿಗೆ ಕೈ ಹಾಕಿ ಎತ್ತುವುದಕ್ಕಾಗಿ ಶಿಸ್ತಿನಿಂದ ಕಾಯುತ್ತಿರುವ ನನ್ನನ್ನು.