ಭಾರವಿದ್ದ ಖಾಲಿ ಡಬ್ಬಿ

ನಾಲ್ಕೂವರೆಗೆ ನಲ್ಲಿ ನೀರು ಹಿಡಿಯಬೇಕು. ಮುಳಬಾಗಿಲಿನ ಆ ಬೀದಿಗೆ ನೀರೆಂದರೆ ಮೂರು ದಿನಕ್ಕೊಮ್ಮೆ ಬರುವ ನೆಂಟ. ಹಂಡೆಗೆ ಉರಿ ಹಾಕಬೇಕು. ಬಾಗಿಲು ಸಾರಿಸಿ ರಂಗೋಲಿ ಎಳೆಯಬೇಕು. ಅತ್ತೆಯ ಮಡಿ ಸೀರೆಯನ್ನು ಹಿಂಡಿ, ಕೋಲಿನಿಂದ ಎತ್ತಿ ಗಳುವಿನ ಮೇಲೆ ಹರವಬೇಕು. ದೇವರ ಪಾತ್ರೆ ಬೆಳಗಬೇಕು, ಡಿಕಾಕ್ಷನ್ ಇಳಿಸಬೇಕು, ತೊಗರಿಬೇಳೆಯಲ್ಲಿ ಕಲ್ಲು ಆರಿಸಬೇಕು. ಇಷ್ಟೆಲ್ಲ ಮುಗಿದರೆ, ಬೆಳಕು ಹರಿಯುವ ಮುಂಚೆ ಪ್ರಿಯಂವದಾಳಿಗೆ ಇಪ್ಪತ್ತು ನಿಮಿಷ ಮಿಗುತ್ತಿತ್ತು.

ಆ ಇಪ್ಪತ್ತು ನಿಮಿಷ ಅವಳು ಹಜಾರದ ಮೂಲೆಯ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಅತ್ತೆ ತಿರುಮಲಮ್ಮನವರು ಹೇಳಿದ್ದನ್ನು ಹಿಂದಿನ ದಿನ ನೋಟ್‌ಬುಕ್ಕಿನಲ್ಲಿ ಗೀಚಿಕೊಂಡು, ಬೆಳಗ್ಗೆ ಟೈಪ್ ಮಾಡುವುದು. ಹಸೆ ಹಾಡು, ತೊಟ್ಟಿಲ ಹಾಡು, ಬೀಗಿತ್ತಿಯನ್ನು ಬೈಯುವ ಹಾಡು. ಎರಡು ವರ್ಷಕ್ಕೆ ನೂರ ಹನ್ನೆರಡು ಆಗಿದ್ದವು. ಅಷ್ಟರಲ್ಲಿ ತಿರುಮಲಮ್ಮನವರಿಗೆ ಎಂಬತ್ತು ತುಂಬಿ, ಮೊದಲು ಹೇಳಿದ ಮೂವತ್ತು ಹಾಡುಗಳು ಅವರಿಗೇ ಮರೆತುಹೋಗಿದ್ದವು.

ಅವಳ ಗಂಡ ಸಂಕರ್ಷಣಾಚಾರ್ಯರು ಹೈಸ್ಕೂಲಿನ ಸಂಸ್ಕೃತ ಮೇಷ್ಟ್ರು. ಎರಡು ಸಾವಿರದ ಎಂಟರ ದೀಪಾವಳಿಗೆ ಬೆಂಗಳೂರಿಂದ ಪಂಚಾಂಗದಷ್ಟು ಗಾತ್ರದ ಕರಿಯ ಹಾರ್ಡ್ ಡಿಸ್ಕ್ ಒಂದನ್ನು ತಂದರು. ತಂದವರೇ ಅದನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿ, ದೇವರ ಮನೆಯಲ್ಲಿ ಸಾಲಿಗ್ರಾಮದ ಪೆಟ್ಟಿಗೆಯ ಪಕ್ಕ ಇಟ್ಟು ಘೋಷಿಸಿದರು: "ಇದನ್ನ ನಾನಲ್ದೆ ಯಾರೂ ಮುಟ್ಟಬಾರ್ದು! ನಾನಿರೋ ತನಕ ವೈರಸ್ಸು ಅನ್ನೋದು ಈ ಮನೆ ಹೊಸಿಲು ದಾಟಲ್ಲ!"

ಆಮೇಲೆ ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಡಿಸ್ಕಿಗೆ ಸಾಗಿಸಿ ಕಂಪ್ಯೂಟರನ್ನು ಖಾಲಿ ಮಾಡಿದರು. "ಡಿಸ್ಕ್‌ನಲ್ಲಿದೆಯಲ್ಲೇ, ಇನ್ನು ಯಾಕೆ ಈ ಕಸ?" ಎಂದು ಹಾಡಿನ ನೋಟ್‌ಬುಕ್ಕುಗಳನ್ನೂ ಹಳೇ ಪೇಪರಿನವನಿಗೆ ತೂಕಕ್ಕೆ ಹಾಕಿದರು.

ಮನೆಯಲ್ಲಿ ಯಾರೂ ಮುಟ್ಟದ ಆ ಡಿಸ್ಕು ಊರೆಲ್ಲ ಮುಟ್ಟಿಸಿಕೊಂಡು ಬಂತು! ಹಾಡುಗಳನ್ನು ಅಚ್ಚು ಹಾಕಿಸಲಿದ್ದ ಪುಸ್ತಕದ ಮುಖಪುಟಕ್ಕೆಂದು ಮೂರ್ತಿಯ ಫೋಟೊ ಸ್ಟುಡಿಯೋಗೆ, ಒಂದು ಪ್ರಿಂಟಿಗೆಂದು ಬಸ್ ಸ್ಟ್ಯಾಂಡಿನ ಸೈಬರಿಗೆ, ಸುಮ್ಮನೆ ತೋರಿಸಲೆಂದು ಸ್ಟಾಫ್ ರೂಮಿಗೆ. ಎಲ್ಲಿ ತೂತು ಕಂಡರೂ ಚುಚ್ಚಿದರು. ಮನೆಗೆ ಬಂದು ಮತ್ತೆ ರೇಷ್ಮೆ ವಸ್ತ್ರ.

ನಾಳೆ ಪ್ರೆಸ್ಸಿಗೆ ಕೊಡಬೇಕು ಎನ್ನುವ ಗುರುವಾರ ಬೆಳಗ್ಗೆ ಸ್ನಾನ, ಸಂಧ್ಯಾವಂದನೆ ಮುಗಿಸಿ ಆಚಾರ್ಯರು ಕಂಪ್ಯೂಟರಿನ ಮುಂದೆ ಕೂತರು. 'ಹಾಡುಗಳು' ಎಂಬ ಫೋಲ್ಡರಿನ ಮೇಲೆ ಎರಡು ಸಲ ಒತ್ತಿದರು. ಪರದೆ ಒಮ್ಮೆ ಕಣ್ಣು ಮಿಟುಕಿಸಿತು. ಏನೂ ತೆರೆಯಲಿಲ್ಲ. ಮತ್ತೆ ಒತ್ತಿದರು. ಹನ್ನೊಂದು ಸಲ ಒತ್ತಿದರು. ಅಷ್ಟರಲ್ಲಿ ಫೋನು ಬಡಕೊಂಡಿತು.

"ಏಮಿ ಸ್ವಾಮೀ ಇದಿ! ಆಚಾರ್ರೇ, ಏನ್ ತಂದು ಚುಚ್ಚಿದ್ರಿ ನನ್ ಕಂಪ್ಯೂಟರ್‌ಗೆ?" ಮೂರ್ತಿಯ ದನಿ ಅಡುಗೆಮನೆಗೂ ಕೇಳಿಸಿತು. "ಮೂರು ಮದುವೆ ಫೋಟೊ ಮಾಯ! ಹೆಣ್ಣಿನ ಕಡೆಯವರು ಅಂಗಡಿ ಮುಂದೆ ನಿಂತವ್ರೆ!"

ಹಿಂದೆಯೇ ಸೈಬರಿನವನ ಫೋನು. ಅದರ ಹಿಂದೆ ಹೆಡ್ ಮೇಷ್ಟ್ರದು.

ಆಚಾರ್ಯರ ಹಣೆಯ ಅಂಗಾರದ ಕರಿಗೆರೆ ಬೆವರಿಗೆ ಕರಗಿ ಮೂಗಿಗೆ ಇಳಿಯಿತು. "ಎಲ್ಲಾ ಹೋಯ್ತು ಕಣೇ. ಇನ್ನು ಫಾರ್ಮ್ಯಾಟ್ ಒಂದೇ ದಾರಿ. ಪೂರ್ತಿ ತೊಳೆದುಬಿಟ್ರೆ ಶುದ್ಧವಾಗುತ್ತೆ."

"ಶುದ್ಧವಾದ್ಮೇಲೆ ಹಾಡುಗಳು?"

"ಅಮ್ಮನ ಹತ್ರ ಇನ್ನೊಂದ್ಸಲ ಹೇಳಿಸಿದ್ರಾಯ್ತು."

ಪ್ರಿಯಂವದಾ ಅತ್ತೆಯ ಕಡೆ ನೋಡಿದಳು. ತಿರುಮಲಮ್ಮನವರು ಒದ್ದೆ ಸೀರೆಯಲ್ಲಿ ಮೂರು ಮಾರು ದೂರ ನಿಂತು, ಮರೆತ ಹಾಡೊಂದರ ಮೊದಲ ಸಾಲಿಗಾಗಿ ತುಟಿ ಅಲ್ಲಾಡಿಸುತ್ತಿದ್ದರು. ಸಿಗಲಿಲ್ಲ. ಸಟಕ್ಕನೆ ಮಗನ ಕಡೆ ತಿರುಗಿದರು.

"ಏನೋ, ಇದನ್ನ ಎಲ್ಲೆಲ್ಲಿ ಮುಟ್ಟಿಸಿದೆ?"

"ಅಮ್ಮಾ, ಇದು ಮಡಿ ಮೈಲಿಗೆ ವಿಷಯ ಅಲ್ಲ, ಕಂಪ್ಯೂಟರ್..."

"ಮುಟ್ಟಿದ್ರೆ ಹತ್ತೋದಕ್ಕೆ ಇನ್ನೇನಂತಾರೋ? ಎಲ್ಲಿಂದ ಬಂತು, ಆಮೇಲೆ ಯಾರ್‍ಯಾರಿಗೆ ತಾಗಿಸಿದೆ, ಅದನ್ನ ಹೇಳು. ಅಲ್ಲಿ ತನಕ ನೀನು ದೂರ ಕೂತ್ಕೋ. ಆ ಡಿಸ್ಕ್ ಮುಟ್ಟಬೇಡ!"

ಇಪ್ಪತ್ತೆರಡು ವರ್ಷದಿಂದ 'ದೂರ ಕೂತ್ಕೋ' ಎಂಬ ಮಾತು ಆ ಮನೆಯಲ್ಲಿ ಪ್ರಿಯಂವದಾಳಿಗೆ ಮಾತ್ರ, ತಿಂಗಳಿಗೆ ಮೂರು ದಿನದಂತೆ ಮೀಸಲಾಗಿತ್ತು. ಮೊಟ್ಟಮೊದಲ ಬಾರಿಗೆ ಅದು ಒಬ್ಬ ಗಂಡಸಿನ ಪಾಲಿಗೆ ಬಂತು. ಆಚಾರ್ಯರು ಬಾಗಿಲ ಬಳಿಯ ಮಣೆಯ ಮೇಲೆ ಹೋಗಿ ಕೂತರು.

ಖಾಲಿಯಾದ ಕುರ್ಚಿಯಲ್ಲಿ ಪ್ರಿಯಂವದಾ ಕೂತಳು. ಯಾವ ಫೋಲ್ಡರನ್ನೂ ಒತ್ತಲಿಲ್ಲ. ಮೊರದಲ್ಲಿ ಬೇಳೆ ಹರವಿದ ಹಾಗೆ ಹೆಸರು, ತೂಕಗಳನ್ನೆಲ್ಲ ಸಾಲಾಗಿ ಹರವಿ, ಕಲ್ಲು ಹುಡುಕುವ ಕಣ್ಣಿಂದ ನೋಡಿದಳು.

"ರೀ, ಹಾಡುಗಳಿಗೂ ನೂರ ಇಪ್ಪತ್ತೆಂಟು ಕೆ.ಬಿ., ಪಾಠಕ್ಕೂ ನೂರ ಇಪ್ಪತ್ತೆಂಟು, ನಮ್ಮ ಮದುವೆ ಫೋಟೊಗೂ ನೂರ ಇಪ್ಪತ್ತೆಂಟು. ಎಲ್ಲದಕ್ಕೂ ಒಂದೇ ತೂಕ ಹ್ಯಾಗಿರುತ್ತೆ? ಇವು ನಮ್ಮ ಫೋಲ್ಡರ್‌ಗಳಲ್ಲ. ಅವುಗಳ ಹೆಸರಿಟ್ಕೊಂಡು ಇನ್ಯಾವೋ ಬಂದು ಕೂತಿವೆ."

"ಹಾಗಾದ್ರೆ ನಮ್ಮವು ಹೋದ ಹಾಗೇ ಅಲ್ವೇನೇ?"

ಅವಳು ಇಡೀ ಡಿಸ್ಕಿನ ತೂಕ ನೋಡಿದಳು. ಕಣ್ಣಿಗೆ ಕಾಣುವುದೆಲ್ಲ ಸೇರಿ ಚಿಟಿಕೆಯಷ್ಟು. ಡಿಸ್ಕು ಮಾತ್ರ ಮೊದಲಿನಷ್ಟೇ ತುಂಬಿದೆ ಎನ್ನುತ್ತಿತ್ತು.

"ಡಬ್ಬಿ ಖಾಲಿ ಕಾಣ್ತಿದೆ, ಎತ್ತಿದ್ರೆ ಭಾರ ಇದೆ. ಅಂದ್ಮೇಲೆ ಬೇಳೆ ಒಳಗೇ ಇದೆ! ಇವು ಅದನ್ನ ಎಲ್ಲೋ ಬಚ್ಚಿಟ್ಟಿವೆ ಅಷ್ಟೆ. ಸಹನಂಗೆ ಫೋನ್ ಮಾಡ್ತೀನಿ."

ಸಹನ ಹಿಂದಿನ ಬೀದಿಯವಳು. ಬೈರಕೂರಿನ ರೈತರ ಮಗಳು, ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದಳು. ವೈರಸ್ ತೆಗೆಯುವ ಸಿ.ಡಿ. ಹಿಡಿದು ಬಂದವಳು ಅಭ್ಯಾಸದಂತೆ ಜಗಲಿಯಲ್ಲೇ ನಿಂತಳು. ತಿರುಮಲಮ್ಮನವರು ಅವಳನ್ನು ಎಂದೂ ಅದರಾಚೆ ಕರೆದವರಲ್ಲ. ಇವತ್ತು ಸೀರೆಯ ಸೆರಗು ಒತ್ತಟ್ಟಿಗೆ ಹಿಡಿದು ದಾರಿ ಬಿಟ್ಟರು. "ಒಳಗ್ ಬಾರಮ್ಮಾ. ಹಜಾರದಲ್ಲೇ ಕೂತಿದೆ ಪೀಡೆ. ಮೈಲಿಗೆ ಆಗಿರೋನು ಅಗೋ, ಅಲ್ಲಿ ಮಣೆ ಮೇಲಿದ್ದಾನೆ."

ಸಹನ ಪರದೆ ನೋಡಿ ನಕ್ಕಳು. "ಆಂಟೀ, ಸರಿಯಾಗೇ ಹಿಡಿದಿದ್ದೀರ. ಅಸಲಿ ಫೋಲ್ಡರ್ ಬಚ್ಚಿಟ್ಟು, ಅದೇ ಹೆಸರಲ್ಲಿ ತಾನು ಕೂತಿದೆ. ಒತ್ತಿದಷ್ಟೂ ಹರಡುತ್ತೆ. ಸಾರ್, ಎಷ್ಟು ಸಲ ಒತ್ತಿದ್ರಿ?"

"ಒಂದೆರಡು," ಎಂದರು ಆಚಾರ್ಯರು ಮಣೆಯಿಂದ.

"ಹನ್ನೊಂದು," ಎಂದಳು ಪ್ರಿಯಂವದಾ.

"ಸಾರ್, ನಿಮ್ಮ ಆಂಟಿವೈರಸ್ ಎರಡು ವರ್ಷದ ಹಿಂದೇನೇ ಮುಗಿದಿದೆ. ದಿನಾ ಹೇಳ್ತಿರಬೇಕಲ್ಲ?"

"ಕೆಂಪಗೆ ಏನೋ ಬರ್ತಿತ್ತು. ಮುಚ್ಚಿಬಿಡ್ತಿದ್ದೆ."

ಸಹನ ಕಂಪ್ಯೂಟರನ್ನೂ ಡಿಸ್ಕನ್ನೂ ಜಾಲಾಡಿಸಿದಳು. ಒಂದೂವರೆ ಗಂಟೆ ಹಿಡಿಯಿತು. ಸಾವಿರದ ನಾನೂರು ಕಲ್ಲು ಸಿಕ್ಕವು! ಈ ಮಧ್ಯೆ ಎದ್ದುಹೋಗಿ ಕಾಫಿ ಮಾಡಲು ಪ್ರಿಯಂವದಾಳಿಗೆ ಪುರಸೊತ್ತಿರಲಿಲ್ಲ. ಅದು ಎಲ್ಲರಿಗೂ ಗೊತ್ತಾಗುತ್ತಿತ್ತು. ಕೊನೆಗೆ ತಿರುಮಲಮ್ಮನವರೇ ಹೇಳಿದರು: "ಏನೋ, ಡಿಸ್ಕ್ ಮುಟ್ಟಬೇಡ ಅಂದೆ. ಹಾಲಿನ ಪಾತ್ರೆ ಮುಟ್ಟಬೇಡ ಅಂದ್ನಾ?"

ಅಡುಗೆಮನೆಯಿಂದ ಎರಡು ಪಾತ್ರೆ ಬಿದ್ದ ಸದ್ದು, ಹಾಲು ಉಕ್ಕಿದ ವಾಸನೆ, ಒಂದು 'ಹರಿ ಹರಿ', ಆಮೇಲೆ ನಾಲ್ಕು ಲೋಟ ಕಾಫಿ ಬಂದವು.

ಸಹನ ಹೇಳಿಕೊಟ್ಟ ಒಂದು ಸಾಲನ್ನು ಪ್ರಿಯಂವದಾಳೇ ಪರದೆಯ ಮೇಲೆ ತೆರೆದ ಕರಿಯ ಕಿಟಕಿಯಲ್ಲಿ ಟೈಪ್ ಮಾಡಿದಳು. ಬಚ್ಚಿಟ್ಟದ್ದೆಲ್ಲ ಒಂದೊಂದಾಗಿ ಎದ್ದು ಬಂತು. ನೂರ ಹನ್ನೆರಡೂ ಹಾಡು! ಅವಳು ಮೊದಲನೆಯದನ್ನು ತೆರೆದು ಓದುತ್ತಿದ್ದಂತೆ ತಿರುಮಲಮ್ಮನವರು ಎರಡನೇ ಸಾಲಿಗೆ ದನಿ ಸೇರಿಸಿದರು. ಮೂರನೇ ಸಾಲಿಗೆ ಕಣ್ಣೊರೆಸಿಕೊಂಡು, ತಾವೇ ಹೋಗಿ ಸಹನಳಿಗೆ ಕುಂಕುಮ ಇಟ್ಟು, ಮತ್ತೆ ಸ್ನಾನಕ್ಕೆ ಹೋದರು.

ಸಿ.ಡಿ. ಹಿಡಿದು ಸಹನ ಮೂರ್ತಿಯ ಸ್ಟುಡಿಯೋಗೆ ಓಡಿದಳು. ಹಜಾರದಲ್ಲಿ ಪ್ರಿಯಂವದಾ ಒಬ್ಬಳೇ ಉಳಿದಳು. ಹಾಡುಗಳ ಜೊತೆಗೆ ಅವಳು ಎಂದೂ ನೋಡದ ಒಂದು ಪುಟವೂ ಎದ್ದು ಬಂದಿತ್ತು. 'ಸಂಪಾದಕರು: ವಿದ್ವಾನ್ ಸಂಕರ್ಷಣಾಚಾರ್ಯ' ಎಂದಿತ್ತು. ಕೆಳಗೆ ಕೃತಜ್ಞತೆಗಳು: ಪ್ರೆಸ್ಸಿನವರಿಗೆ, ಮೂರ್ತಿಗೆ, ಸ್ಟಾಫ್ ರೂಮಿನ ಏಳು ಜನಕ್ಕೆ. ಕಟ್ಟಕಡೆಗೆ, 'ಆಗಾಗ ಕಾಫಿ ಕೊಟ್ಟು ಸಹಕರಿಸಿದ ಮನೆಯವರಿಗೂ.'

ಅವಳು ಆ ಪುಟವನ್ನು ಬಹಳ ಹೊತ್ತು ನೋಡಿದಳು. ಎರಡು ವರ್ಷದ ಹಿಂದೆ ಇದೇ ಕುರ್ಚಿಯ ಪಕ್ಕ ಸ್ಟೂಲು ಹಾಕಿಕೊಂಡು, ಒಂದು ತಿಂಗಳು ಬೇಸರಿಸದೆ, ಯಾವ ಅಕ್ಷರ ಯಾವ ಗುಂಡಿಯಲ್ಲಿದೆ ಎಂದು ತೋರಿಸಿಕೊಟ್ಟವರೂ ಆಚಾರ್ಯರೇ. ಅದೂ ನೆನಪಾಯಿತು. ಪುಟ ಅಳಿಸಿ ಹೊಸದಾಗಿ ಟೈಪ್ ಮಾಡಿದಳು:

'ಹಾಡಿದವರು: ತಿರುಮಲಮ್ಮ. ಬರೆದುಕೊಂಡವರು: ಪ್ರಿಯಂವದಾ. ಕೃತಜ್ಞತೆಗಳು: ಬಚ್ಚಿಟ್ಟದ್ದನ್ನು ತೆಗೆದುಕೊಟ್ಟ ಸಹನಳಿಗೆ, ಅಕ್ಷರ ಜೋಡಿಸಲು ಕಲಿಸಿ, ಒಂದು ಸಲ ಕಾಫಿ ಮಾಡಿಕೊಟ್ಟ ಸಂಕರ್ಷಣಾಚಾರ್ಯರಿಗೆ.'

ಒಳಗಿನಿಂದ ದನಿ ಬಂತು. "ಏನೇ, ಹಾಲು ಮಿಕ್ಕಿದೆ. ನಿನಗೆ ಇನ್ನೊಂದು ಲೋಟ ಬೆರೆಸ್ಲಾ?"

"ಬೆರೆಸಿ," ಎಂದಳು.

ಲೋಟ ಬಂದು ಪಕ್ಕದಲ್ಲಿ ಕೂತಿತು. ತಂದವರು ಉಕ್ಕಿದ ಹಾಲು ಒರೆಸಲು ಒಳಗೆ ಹೋದರು. ಪ್ರಿಯಂವದಾ ಒಂದು ಗುಟುಕು ಕುಡಿದಳು. ಸಕ್ಕರೆ ಇರಲಿಲ್ಲ. ಆದರೂ ಪರದೆಗೆ ತಿರುಗಿ, 'ಒಂದು' ಎಂಬುದನ್ನು ಅಳಿಸಿ 'ಎರಡು' ಎಂದು ತಿದ್ದಿ, ಸೇವ್ ಮಾಡಿದಳು.