ಅತ್ತಿಗೆಯ ಬದಲು ಮಂಟಪಕ್ಕೆ ಹೋದ ಜೀಪು

ಒಟ್ಟು ಖರ್ಚು ಆರು ಸಾವಿರದ ಎಂಟುನೂರು ರೂಪಾಯಿ. ನಾನು ಜೊತೆಗಿಲ್ಲದಿದ್ದರೆ ಹತ್ತು ಸಾವಿರ ದಾಟುತ್ತಿತ್ತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಷ್ಟು ದುಡ್ಡಿಗೆ ಬಂದದ್ದೇನು? ಬೆಕ್ಕಿನ ಗಾತ್ರದ ಒಂದು ಆಟದ ಜೀಪು, ಅದರ ಮೂತಿಗೆ ಹೆಬ್ಬೆರಳಿನ ಉಗುರಿನಷ್ಟು ಕ್ಯಾಮೆರಾ, ಮತ್ತು ಜೀಪು ಕಂಡದ್ದನ್ನೆಲ್ಲ ಟೀವಿಯಲ್ಲಿ ನೇರವಾಗಿ ತೋರಿಸುವ ಏರ್ಪಾಡು. ಯಾಕೆ ಬೇಕಿತ್ತು ಇದೆಲ್ಲ? ನಮ್ಮ ಅತ್ತಿಗೆ ತಮ್ಮ ಒಬ್ಬಳೇ ಮಗಳ ಧಾರೆಗೆ ಮಂಟಪದ ಹತ್ತಿರ ಬರುವುದಿಲ್ಲ ಎಂದು ಹಟ ಹಿಡಿದು ಕೂತಿದ್ದರು. ಅದಕ್ಕೆ.

ಇಂಥ ಹಟಕ್ಕೆ ಬೇರೆ ಮನೆಗಳಲ್ಲಿ ಏನು ಮಾಡುತ್ತಾರೆ? ಬೈಯುತ್ತಾರೆ, ಅಳುತ್ತಾರೆ, ಊರ ಹಿರಿಯರನ್ನು ಕರೆಸಿ ಹೇಳಿಸುತ್ತಾರೆ. ನಮ್ಮ ಭಾವ ಬೆಸುಗೆ ಹಾಕುವ ಕಡ್ಡಿಯನ್ನು ಬಿಸಿಗಿಟ್ಟ!

ಭಾವ ಅಂದರೆ ನನ್ನ ಹೆಂಡತಿಯ ಅಣ್ಣ. ಅತ್ತಿಗೆ ಅವನ ದೊಡ್ಡ ತಂಗಿ, ನನ್ನ ಹೆಂಡತಿ ಚಿಕ್ಕವಳು. ಪಾಂಡವಪುರದಲ್ಲಿ ಪಂಪ್‌ಸೆಟ್ ಮೋಟರು ರಿಪೇರಿ ಅಂಗಡಿ ಇಟ್ಟಿದ್ದಾನೆ. ಸಂಬಂಧ ಕೂಡುವ ಮುಂಚೆ ನಾವಿಬ್ಬರೂ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಹಾಗಾಗಿ ಮದುವೆಯಾಗಿ ಇಷ್ಟು ವರ್ಷವಾದರೂ ನಮ್ಮ ನಡುವೆ ‘ಲಾ’ ಹೋಗಿ ‘ರೀ’ ಬಂದಿಲ್ಲ. ಅವನ ಬಗ್ಗೆ ನನ್ನದೊಂದು ದೃಢವಾದ ಅಭಿಪ್ರಾಯವಿದೆ: ಇಡೀ ಜಿಲ್ಲೆಯಲ್ಲಿ ಅವನಷ್ಟು ಕಷ್ಟಪಟ್ಟು ಸೋಮಾರಿಯಾಗಿರುವವನು ಇನ್ನೊಬ್ಬನಿಲ್ಲ. ಎದ್ದು ಹೋಗಿ ನೋಡಿದರೆ ಮುಗಿಯುವ ಕೆಲಸಕ್ಕೆ ತಿಂಗಳುಗಟ್ಟಲೆ ಕೂತು ಯಂತ್ರ ಮಾಡುತ್ತಾನೆ. ನೀರಿನ ತೊಟ್ಟಿ ತುಂಬಿತೇ ಎಂದು ಮಹಡಿ ಹತ್ತಿ ನೋಡಬಾರದೆ? ಊಹೂಂ. ತೊಟ್ಟಿಯಲ್ಲಿ ಖಾಲಿ ಕ್ಯಾನು ತೇಲಿಬಿಟ್ಟು, ಅದಕ್ಕೆ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಮಂಚದ ಮೇಲೆ ಮಲಗಿದ ತನ್ನ ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡಿದ್ದ! ಒಂದು ದಿನ ಮಹಡಿಗೆ ಬಂದ ಕೋತಿ ಆ ದಾರ ಹಿಡಿದು ಜಗ್ಗಿತು. ಭಾವ ಮಂಚದಿಂದ ಉರುಳಿ ಬಿದ್ದು, ಬಿದ್ದಲ್ಲಿಂದಲೇ ಹೆಂಡತಿಗೆ ಕೂಗಿದ: “ತುಂಬೋಯ್ತು ಕಣಮ್ಮೀ, ಮೋಟ್ರು ಆರ್ಸು!”

ಜೀಪಿಗೆ ಬೇಕಾದ ಸಾಮಾನು ಕೊಳ್ಳಲು ಮೈಸೂರಿಗೆ ಹೋದೆವು. ನಾನು ಕೆ.ಆರ್. ಪೇಟೆ ಸಂತೆಯಲ್ಲಿ ತೆಂಗಿನಕಾಯಿ ರಾಶಿ ಹಾಕಿಕೊಂಡು ಕೂತು ಬದುಕು ಶುರು ಮಾಡಿದವನು. ಇವತ್ತು ಅದೇ ಊರಲ್ಲಿ ಸ್ವಂತ ಹಾರ್ಡ್‌ವೇರ್ ಅಂಗಡಿ ಇದೆ. ಬೇಕಾದ ವಸ್ತುವನ್ನು ಬೇಡದವನ ಹಾಗೆ ನೋಡಬೇಕು ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಕ್ಯಾಮೆರಾವನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡು ಬೆರಳಲ್ಲಿ ಎತ್ತಿ, “ಏನ್ರೀ ಇದು, ಮಬ್ಬಲ್ಲಿ ಏನೂ ಕಾಣಲ್ಲವಂತೆ?” ಎಂದೆ. ಅಂಗಡಿಯವನ ಮುಖ ಇಳಿಯಿತು. ಇನ್ನೇನು ಬೆಲೆಯೂ ಇಳಿಯಬೇಕು. ಅಷ್ಟರಲ್ಲಿ ಭಾವ ಅದನ್ನು ಕಸಿದುಕೊಂಡು ಕಣ್ಣಿಗೊತ್ತಿಕೊಂಡ!

“ಎಂಥಾ ಸಾಮಾನ್ಲಾ ಇದು! ಇಷ್ಟಕ್ಕೆ ಯಾರ್ ಕೊಟ್ಟಾರು ಯೋಳು ಮತ್ತೆ!”

ಅವನ ಕೈಗೆ ಇಪ್ಪತ್ತು ರೂಪಾಯಿ ತುರುಕಿ ಟೀ ಕುಡಿಯಲು ಅಟ್ಟಿದ ಮೇಲೇ ವ್ಯಾಪಾರ ಕುದುರಿದ್ದು. ಆ ಇಪ್ಪತ್ತೂ ಮೇಲಿನ ಲೆಕ್ಕದಲ್ಲಿ ಸೇರಿದೆ.

ಜೀಪು ಸಿದ್ಧವಾಯಿತು. ಅಂಗಡಿಯ ಹಳೇ ಟೀವಿಗೆ ಚಿತ್ರವೂ ಬಂತು. ಬಂತು ಅಂದರೆ, ಪಾಂಡವಪುರವೇ ತಲೆಕೆಳಗಾಗಿ ಬಂತು! ಕ್ಯಾಮೆರಾವನ್ನು ಉಲ್ಟಾ ಅಂಟಿಸಿದ್ದ. ಅಂಟು ಒಣಗಿ ಕಲ್ಲಾಗಿತ್ತು.

“ಈಗೇನ್ಲಾ ಮಾಡ್ತೀಯ?” ಎಂದೆ.

“ಮಾಡದೇನು?” ಎಂದವನೇ ಟೀವಿಯನ್ನು ಎತ್ತಿ ತಲೆಕೆಳಗು ಮಾಡಿ ಇಟ್ಟ. ಊರು ನೆಟ್ಟಗಾಯಿತು.

ಇನ್ನೊಂದು ತೊಂದರೆ, ಚಿತ್ರ ಸ್ವಲ್ಪ ತಡವಾಗಿ ಬರುತ್ತಿತ್ತು. ಟೀವಿಯಲ್ಲಿ ರಸ್ತೆ ಖಾಲಿ ಕಾಣುವ ಹೊತ್ತಿಗೆ ಜೀಪು ಆಗಲೇ ಚರಂಡಿಯಲ್ಲಿ! ಸಾಲದ್ದಕ್ಕೆ ಕ್ಯಾಮೆರಾ ಇದ್ದದ್ದು ಗೇಣೆತ್ತರದಲ್ಲಿ. ಮುಖ ಕಾಣದು, ಪಾದ ಮಾತ್ರ. ವಾರ ಕಳೆಯುವುದರೊಳಗೆ ಪೇಟೆಯ ಪಾದಗಳೆಲ್ಲ ಭಾವನಿಗೆ ಪರಿಚಯವಾಗಿಬಿಟ್ಟವು. ಮೋಟರು ತಂದ ಗಿರಾಕಿಗೆ, “ನಿನ್ ತಮ್ಮ ಓಟ್ಲ್ ಮುಂದೆ ನಿಂತವ್ನೆ ನೋಡು, ಚಪ್ಲಿಗೆ ಪಿನ್ನಾಕವ್ನೆ. ಒಂದ್ ಜೊತೆ ಕೊಡುಸ್ಬಾರ್ದೇನಪ್ಪ?” ಎನ್ನುವನು. ಒಂದು ಮಧ್ಯಾಹ್ನ ಬೀದಿನಾಯಿಯೊಂದು ಜೀಪನ್ನೇ ಕಚ್ಚಿಕೊಂಡು ಎದುರಿನ ಲಾರಿಯಡಿ ಕೂತಿತು. ಅಂಗಡಿ ಮುಂದೆ ಜನ ಸೇರಿ ನಾಯಿಯ ಬಾಯೊಳಗಿನ ನೇರ ಪ್ರಸಾರ ನೋಡಿದರು. ಎದ್ದು ಓಡಿಸಬೇಕಾದವನು ಟೀವಿಗೆ ಇನ್ನಷ್ಟು ಹತ್ತಿರ ಬಗ್ಗಿ, “ಅಲ್ಲು ಮಾತ್ರ ಚೆಂದಾಗವೆ ಕಣ್ಲಾ” ಎಂದ!

ನಗುವುದು ಸರಿ, ಆದರೆ ಅತ್ತಿಗೆಯ ಹಟ ಒಂದಿಂಚೂ ಅಲುಗಿರಲಿಲ್ಲ. ಅವರು ಪಾಲಹಳ್ಳಿಯಲ್ಲಿರುವುದು. ಮಗಳು ತೊಟ್ಟಿಲಲ್ಲಿದ್ದಾಗಲೇ ಗಂಡ ತೀರಿಕೊಂಡ. ಹಸು ಕಟ್ಟಿ, ಡೈರಿಗೆ ಹಾಲು ಹಾಕಿ, ಮಗಳನ್ನು ಬಿ.ಎಡ್. ಓದಿಸಿದ ಹೆಂಗಸು. ಮದುವೆಯ ದಿನ ತಾನು ಛತ್ರದ ಹಿಂದಿನ ಉಗ್ರಾಣದಲ್ಲಿ ಕೂತು ಕಾಯಿ, ಎಲೆಅಡಿಕೆ ಕೊಡುತ್ತಿರುತ್ತೇನೆ, ಧಾರೆಯನ್ನು ಗಂಡನ ತಮ್ಮ, ಅವನ ಹೆಂಡತಿ ಎರೆಯಲಿ ಎಂದು ಅವರ ತೀರ್ಮಾನ.

“ಯಾರೂ ಬೇಡ ಅಂದಿಲ್ಲವಲ್ಲ ಅತ್ತಿಗೆ. ನಾಗಮಂಗಲದ ಬೀಗರೇ ಬಾಯಿಬಿಟ್ಟು ಕರೆದಿದ್ದಾರೆ” ಎಂದೆ.

“ಅವ್ರೇನೋ ದೊಡ್ ಮನ್ಸು ಮಾಡಿ ಕರೀತಾರೆ ಕಣಪ್ಪ. ನಾಳೆ ಮಗೀಗೆ ಒಂದ್ ಕೆಮ್ಮು ಬಂದ್ರೂವೆ, ನಾನ್ ಮುಂದುಕ್ ಬಂದಿದ್ಕೇ ಇಂಗಾಯ್ತು ಅಂತ ನಂಗೇ ಅನ್ಸ್ತದೆ. ಊರೋರ್ ಬಾಯ್ಗಲ್ಲ, ನನ್ ಮನ್ಸಿಗೇ ನಾನು ಎದ್ರಿಕೊಂಡಿವ್ನಿ.”

ಇಂಥ ಮಾತಿನ ಮುಂದೆ ಯಾವ ಚೌಕಾಸಿ ನಡೆಯುತ್ತದೆ? ಆದರೂ ಖರ್ಚಿಲ್ಲದ ಉಪಾಯವೊಂದನ್ನು ಭಾವನಿಗೆ ಹೇಳಿದೆ: ಮದುವೆಯ ವಿಡಿಯೋದವನು ಹೇಗೂ ದೊಡ್ಡ ಪರದೆಗೆ ಹಾಕುತ್ತಾನೆ, ಅದನ್ನೇ ಉಗ್ರಾಣದ ಟೀವಿಗೂ ಎಳೆಸಿದರೆ ಸಾಕಲ್ಲ?

“ಅದು ಅವ್ನ್ ತೋರ್ಸಿದ್ದ ನೋಡದು ಕಣ್ಲಾ. ನನ್ ತಂಗಿ ಅವ್ಳಿಗ್ ಬೇಕಾದ್ದ ನೋಡ್ಬೇಕು. ಕಾಲ್ ಬರಾಕಿಲ್ಲ ಅಂತವೆ, ಚಕ್ರ ಆದ್ರೂ ಬರ್ಲಿ ಬುಡು” ಎಂದ.

ಮದುವೆ ಶ್ರೀರಂಗಪಟ್ಟಣದ ಛತ್ರದಲ್ಲಿ. ಉಗ್ರಾಣದ ತೆಂಗಿನಕಾಯಿ ಮೂಟೆಯ ಮೇಲೆ ಟೀವಿ ಶೀರ್ಷಾಸನ ಹಾಕಿತು. ಜೀಪಿಗೆ ಮುಂದೆ ದೊಡ್ಡ ಚಕ್ರ ಹಾಕಿ ಮೂತಿ ಎತ್ತಿದ್ದರಿಂದ ಈಗ ಮುಖಗಳೂ ಕಾಣುತ್ತಿದ್ದವು. ಜೀಪು ಓಡಿಸುವ ಮೊಬೈಲನ್ನು ಭಾವ ಅತ್ತಿಗೆಯ ಕೈಗೆ ಕೊಟ್ಟ. ಮೊದಮೊದಲು ಮುಟ್ಟಲು ಹೆದರಿದವರು, ಕೈ ಕುದುರಿದ ಮೇಲೆ ಮಂಟಪ ಬಿಟ್ಟು ಗಾಡಿಯನ್ನು ಜನರ ನಡುವೆ ಓಡಿಸತೊಡಗಿದರು!

“ಅಗೋ, ಆ ಕೆಂಪಂಚಿನ ಪಂಚೆಯವ್ರು ಆಗ್ಲಿಂದ ನಿಂತೇ ಅವ್ರೆ. ಕಾಪಿ ಕೊಟ್ಟಿಲ್ಲ ಅವ್ರಿಗೆ, ಓಗ್ರೋ!”

ಕಾಫಿ ಓಡಿತು. ಹೀಗೆ ಜೀಪು ನಿಂತಲ್ಲೆಲ್ಲ ಹಿಂದೆಯೇ ಕಾಫಿ ಬರುವುದನ್ನು ನೆಂಟರು ಗಮನಿಸಿದರು. ಸ್ವಲ್ಪ ಹೊತ್ತಿಗೆಲ್ಲ ಹಿರಿಯರೊಬ್ಬರು ಕುರ್ಚಿಯಿಂದ ಬಗ್ಗಿ, “ಬಾ ಬಾ, ಈ ಕಡೀಕೂ ವಸಿ ಬಾ” ಎಂದು ಜೀಪನ್ನು ಕರೆಯುತ್ತಿದ್ದರು!

ಮುಹೂರ್ತ ಹತ್ತಿರವಾಯಿತು. ಜೀಪನ್ನು ಮಂಟಪಕ್ಕೆ ಹತ್ತಿಸುವಾಗ ಗಂಡಿನ ಕಡೆಯ ದೊಡ್ಡಪ್ಪ ತಡೆದರು.

“ನಾವೆಲ್ಲ ಚಪ್ಲಿ ಬುಟ್ ಬಂದಿಲ್ವ? ಇದೇನ್ರೀ, ರೋಡಲ್ಲಿ ಓಡಾಡ್ದ ಚಕ್ರನೆಲ್ಲ ಅಂಗೇ ಅತ್ತುಸ್ತಿದೀರಿ?”

ನ್ಯಾಯವಾದ ಮಾತು. ಸೋದರಮಾವನ ಶಾಸ್ತ್ರ ಮುಗಿಸಿದ್ದ ಭಾವ ಚೊಂಬಿನ ನೀರಲ್ಲಿ ಚಕ್ರ ತೊಳೆದು, ಗಾಡಿಯನ್ನು ನಮ್ಮವಳ ಕೈಗೆ ಒಪ್ಪಿಸಿ, ಟೀವಿ ನೋಡಿಕೊಳ್ಳಲು ಉಗ್ರಾಣಕ್ಕೆ ಓಡಿಬಂದ. ತೊಳೆದ ಗಾಡಿಯನ್ನು ನಮ್ಮ ಸೀಮೆಯಲ್ಲಿ ಪೂಜೆ ಮಾಡದೆ ಬಿಟ್ಟವರುಂಟೆ? ನನ್ನ ಹೆಂಡತಿ ಸೇವಂತಿಗೆ ಮುಡಿಸಿದಳು, ಚಕ್ರದಡಿ ನಿಂಬೆಹಣ್ಣಿಟ್ಟಳು, ಕೊನೆಗೆ ಕುಂಕುಮ ಕಲಸಿ ಹಣೆಗೆ ಬೊಟ್ಟಿಟ್ಟು ಮಂಟಪಕ್ಕೆ ಹತ್ತಿಸಿದಳು. ಜೀಪಿಗೆ ಹಣೆ ಯಾವುದು? ಮೂತಿಯ ನಡುವೆ ದುಂಡಗೆ ಹೊಳೆಯುತ್ತಿತ್ತಲ್ಲ, ಅದೇ!

ಉಗ್ರಾಣದಲ್ಲಿ ಟೀವಿಗೆ ಟೀವಿಯೇ ಕೆಂಪಾಯಿತು.

“ಅಣ್ಣಯ್ಯಾ, ಇದೇನ್ ಇಂಗಾಯ್ತು?”

“ತಾಳವ್ವ, ಬ್ಯಾಟ್ರಿ ಇರ್ಬೇಕು” ಎಂದು ಭಾವ ಟೀವಿಯ ಬೆನ್ನಿಗೆ ಗುದ್ದಿದ. ಅತ್ತಿಗೆ ಗಾಡಿಯನ್ನು ಹಿಂದಕ್ಕೋಡಿಸಿದರು, ಮುಂದಕ್ಕೋಡಿಸಿದರು. ಎತ್ತ ಹೋದರೂ ಕೆಂಪು. ಹೊರಗೆ ಪುರೋಹಿತರು “ಗಟ್ಟಿಮೇಳ!” ಎಂದು ಕೂಗಿದ್ದು ಕೇಳಿಸಿತು. ಓಲಗ ಜೋರಾಯಿತು.

“ಧಾರೆ ಎರೀತಾವ್ರೆ ಕಣಣ್ಣ, ನಂಗೇನೂ ಕಾಣ್ತಿಲ್ಲ!” ಮೊಬೈಲನ್ನು ನನ್ನ ಮಡಿಲಿಗೆ ಎಸೆದು ಅತ್ತಿಗೆ ಎದ್ದರು. “ಒರ್ಸ್ಬುಟ್ ಬಂದ್ಬುಡ್ತೀನಿ ಇರು.”

ಗಮನಿಸಿ, ಅವರು ಧಾರೆ ನೋಡಲು ಹೋಗಲಿಲ್ಲ. ಜೀಪು ಒರೆಸಲು ಹೋದರು!

ನಾನೂ ಭಾವನೂ ಟೀವಿ ನೋಡುತ್ತ ನಿಂತೆವು. ಕೆಂಪು ಅಲುಗಾಡಿತು, ಒಂದು ಹೆಬ್ಬೆರಳು ಅಡ್ಡ ಬಂತು, ಆಮೇಲೆ ಅತ್ತಿಗೆಯ ಮುಖ ಇಡೀ ಟೀವಿ ತುಂಬಿ ನಿಂತಿತು. ಒರೆಸಿ ಏಳಬೇಕು, ಅಷ್ಟರಲ್ಲಿ ಪಕ್ಕದಿಂದ ಅರಿಶಿನದ ದಾರ ಕಟ್ಟಿದ ಕೈಯೊಂದು ಬಂದು ಅವರ ಸೆರಗು ಹಿಡಿಯಿತು. ಅತ್ತಿಗೆ ಬೇಡವೆಂದು ತಲೆಯಾಡಿಸಿದರು. ಮದುಮಗಳು ಏನೋ ಹೇಳಿದಳು. ಆ ಕ್ಯಾಮೆರಾಕ್ಕೆ ಧ್ವನಿಯಿಲ್ಲ, ಏನೆಂದು ಇವತ್ತಿಗೂ ನಮಗೆ ಗೊತ್ತಿಲ್ಲ. ಆಮೇಲೆ ಅವಳು ಅವ್ವನ ಸೆರಗನ್ನು ಎಳೆದು ಹಸೆಮಣೆಯ ಮೇಲೆ ಹಾಕಿ, ಅದರ ಮೇಲೆ ಕೂತುಬಿಟ್ಟಳು. ಅತ್ತಿಗೆ ಏಳುವಂತಿಲ್ಲ. ಕುಂಕುಮವಾದ ಬೆರಳನ್ನು ಎಲ್ಲಿ ಒರೆಸುವುದೆಂದು ತಿಳಿಯದೆ, ಎತ್ತಿ ಹಿಡಿದುಕೊಂಡೇ ಮಗಳ ಪಕ್ಕದಲ್ಲಿ ಕೂತರು.

ಭಾವ ಟೀವಿ ಆರಿಸಿದ.

“ಯಾಕ್ಲಾ ಆರುಸ್ದೆ?”

“ಇದ್ರಲ್ಲಿ ಇನ್ಯಾರ್ ನೋಡ್ಬೇಕಿತ್ಲಾ?” ಎಂದು ಆ ಕಡೆ ತಿರುಗಿ ಕಾಯಿ ಮೂಟೆಯ ಬಾಯಿ ಬಿಚ್ಚತೊಡಗಿದ. “ನೀ ಓಗು, ಅಕ್ಷತೆ ಆಕು ಓಗು. ಉಗ್ರಾಣಕ್ಕೆ ಯಾರಾರ ಇರ್ಬೇಕಲ್ಲ.”

ಆದ್ದರಿಂದ ಓದುಗರೇ, ನೀವೂ ಇಂಥ ಗಾಡಿ ಮಾಡಿಸುವುದಾದರೆ ನಾಲ್ಕು ಮಾತು ಕೇಳಿ. ಅಂಗಡಿಯವನ ಮೊದಲ ಬೆಲೆಗೆ ಒಪ್ಪಬೇಡಿ. ಬ್ಯಾಟರಿ ಒಂದು ಹೆಚ್ಚಿಗೆ ಇಟ್ಟುಕೊಳ್ಳಿ. ಧ್ವನಿ ಬರುವ ಕ್ಯಾಮೆರಾ ಎಂದು ಮೇಲೆ ದುಡ್ಡು ಕೇಳುತ್ತಾರೆ, ಕೊಡಬೇಡಿ. ಅವ್ವ, ಮಗಳು ಆಡಿದ ಮಾತು ಅವರಿಬ್ಬರ ನಡುವೆಯೇ ಇರಲಿ. ಗಾಡಿಪೂಜೆ ಮಾತ್ರ ತಪ್ಪಿಸಬೇಡಿ. ಕುಂಕುಮವನ್ನು ಗಟ್ಟಿಯಾಗಿ ಕಲಸಿ, ಆಚೀಚೆ ಹೋಗದ ಹಾಗೆ, ಸರಿಯಾಗಿ ಕ್ಯಾಮೆರಾದ ಕಣ್ಣಿನ ಮೇಲೇ ಇಡಿ.