ಗುಂಡಿಗೆ ತೆಗೆದ ಅಳತೆ

"ನಲವತ್ತು ವರ್ಷ ಮನುಷ್ಯರ ಅಳತೆ ತೆಗೆದವನು ಕಣೇ ನಾನು! ಉಸಿರಾಡೋ ಹೊಟ್ಟೆಗಳನ್ನೇ ಅಳೆದಿದ್ದೀನಿ. ಅಲ್ಲಾಡದೆ ಬಿದ್ದಿರೋ ಈ ಗುಂಡಿ ಯಾವ ಲೆಕ್ಕ?"

ಹಿತ್ತಿಲಲ್ಲಿ ನಿಂತು ಹೀಗೆ ಘೋಷಿಸಿದವನು ಟೇಪಣ್ಣ. ಕಸುಬಿನಲ್ಲಿ ಟೈಲರು. ಅವನಿಗೂ ಒಂದು ಹೆಸರಿತ್ತು. ಆದರೆ ಕೊರಳಿಂದ ಇಂಚಿನ ಟೇಪು ಇಳಿದದ್ದನ್ನು ಯಾರೂ ನೋಡಿರಲಿಲ್ಲವಾದ್ದರಿಂದ ಬೀದಿಯವರೆಲ್ಲ ಸೇರಿ ಆ ಹೆಸರನ್ನು ಮರೆತಿದ್ದರು.

ಮಾತು ದೊಡ್ಡದು, ಕಾರಣ ಅದಕ್ಕಿಂತ ದೊಡ್ಡದು. ಹೆಂಡತಿಯ ಎರಡೂ ಮೊಣಕಾಲು ಕೈಕೊಟ್ಟಿದ್ದವು. ಅಂಗಡಿಯಲ್ಲಿ ಅವನು ಕತ್ತರಿ ಆಡಿಸಿದ್ದಷ್ಟೇ. ಬೆಳಗಿನಿಂದ ಸಂಜೆಯವರೆಗೆ ಮಷೀನು ತುಳಿದವಳು ಅವಳು. "ದಿನಾ ಎದೆಮಟ್ಟ ನೀರಲ್ಲಿ ನಡೀಬೇಕು. ಇಲ್ಲದಿದ್ರೆ ಇನ್ನು ಕೆಲವೇ ತಿಂಗಳು, ಆಮೇಲೆ ಹಾಸಿಗೆಯೇ ಗತಿ," ಎಂದಿದ್ದರು ಡಾಕ್ಟರು. ಊರಿನ ಈಜುಕೊಳಕ್ಕೆ ಹೋಗೋಣವೆಂದರೆ ಅವಳು ಒಪ್ಪಲಿಲ್ಲ. "ಊರವರ ಮೈಗೆಲ್ಲ ಬಟ್ಟೆ ಹೊಲಿದು, ಈಗ ಅವರ ಮುಂದೆಯೇ ಒದ್ದೆ ಬಟ್ಟೇಲಿ ನಿಲ್ಲಲಾ?" ಎಂದು ಮುಖ ತಿರುಗಿಸಿದಳು. ಹಿತ್ತಿಲಲ್ಲೇ ಕೊಳ ಕಟ್ಟಿಸುತ್ತೇನೆಂದು ಟೇಪಣ್ಣ ಭೀಷ್ಮಪ್ರತಿಜ್ಞೆ ಮಾಡಿದ್ದು ಆಗ.

ಗುಂಡಿ ತೋಡಿದ್ದಾಯಿತು. ಅವಳೊಬ್ಬಳು ಅತ್ತಿಂದಿತ್ತ ನಡೆದರೆ ಸಾಕಾದ್ದರಿಂದ ಉದ್ದ ಹೆಚ್ಚು, ಅಗಲ ಕಡಿಮೆ. ಮೇಸ್ತ್ರಿ ಬಗ್ಗಿ ನೋಡಿ, "ಮೊದಲು ತಳಕ್ಕೆ ಜಲ್ಲಿ ಹಾಸಿ ಕುಟ್ಟಬೇಕು, ಅದರ ಮೇಲೆ ಕಾಂಕ್ರೀಟು. ಎಷ್ಟು ಜಲ್ಲಿ ಬೇಕು ಅಂತ ನಾನೇ ಹೇಳ್ಲಾ?" ಎಂದ.

"ನನಗೆ ಅಳತೆ ಹೇಳಿಕೊಡ್ತೀಯಾ?" ಟೇಪಣ್ಣ ಹುಬ್ಬೇರಿಸಿದ. ಮೇಸ್ತ್ರಿ ತೆಪ್ಪಗೆ ಬೇರೆ ಕೆಲಸಕ್ಕೆ ಹೋದ.

ಆಮೇಲೆ ಟೇಪಣ್ಣ ಗುಂಡಿಯ ಅಳತೆ ತೆಗೆದ ವೈಭವವನ್ನು ಏನೆಂದು ಹೇಳುವುದು! ಭುಜದಿಂದ ಭುಜಕ್ಕೆ ಎಂಬಂತೆ ಅಗಲ ಹಿಡಿದ. ತೋಳಿನ ಉದ್ದವೆಂಬಂತೆ ಆಳಕ್ಕೆ ಟೇಪು ಇಳಿಬಿಟ್ಟ. ಟೈಲರಿಗೆ ಒಂದು ಧರ್ಮವಿದೆ: ಹೊಲಿಗೆಗೆಂದು ಸುತ್ತ ಒಂದಿಷ್ಟು ಬಟ್ಟೆ ಬಿಡಬೇಕು, ಮೈ ಬಂದೀತೆಂದು ಒಳಗೂ ಒಂದಿಷ್ಟು ಮಡಿಸಿಡಬೇಕು. ಗುಂಡಿಗೂ ಬಿಟ್ಟ, ಧಾರಾಳವಾಗಿ ಬಿಟ್ಟ. ಜಲ್ಲಿ ವ್ಯಾಪಾರಿಗೆ ಫೋನು ಹಚ್ಚಿದ.

"ಉದ್ದ, ಅಗಲ ಬರ್ಕೊಂಡೆ ಸಾರ್. ದಪ್ಪ ಎಷ್ಟು?"

"ದಪ್ಪ ಎಂಥದ್ರೀ? ಅಳತೆ ಕೊಡುವಾಗ ದಪ್ಪ ಕೇಳಿದವರನ್ನ ನಾನು ಕಂಡೇ ಇಲ್ಲ. ಆಳ ಇದೆ, ಬರ್ಕೊಳ್ಳಿ."

"ಪೂರ್ತಿ ಆಳಕ್ಕೂ ಜಲ್ಲಿನಾ?"

"ಪೂರ್ತಿ! ಅರ್ಧ ಅಳತೆ ಕೊಟ್ಟು ಪೂರ್ತಿ ಅಂಗಿ ಹೊಲಿಸೋಕಾಗುತ್ತಾ?"

ಕೈಗೆ ಬಂದ ತುತ್ತನ್ನು ಯಾವ ವ್ಯಾಪಾರಿ ಬಿಟ್ಟಾನು? "ಆಯ್ತು ಸಾರ್! ನಿಮ್ಮಂಥ ತಿಳಿದವರು ಸಿಗೋದೇ ಅಪರೂಪ," ಎಂದು ಫೋನಿಟ್ಟ.

ಮಾರನೆಯ ಬೆಳಿಗ್ಗೆ ಲಾರಿ ಬಂತು, ಜಲ್ಲಿ ಸುರಿಯಿತು. ಟೇಪಣ್ಣ ಮೀಸೆ ತಿರುವಿದ. ಹಿಂದೆಯೇ ಇನ್ನೊಂದು ಬಂತು. ಮೀಸೆಯಿಂದ ಕೈ ಇಳಿಯಿತು. ಅದರ ಹಿಂದೆ ಮತ್ತೊಂದು, ಮಗದೊಂದು! ಗೇಟು ಮುಚ್ಚಿತು, ಮುಂದಿನ ಕಿಟಕಿ ಅರ್ಧ ಮುಚ್ಚಿತು, ಬೀದಿ ಪೂರ್ತಿ ಮುಚ್ಚಿತು.

"ಅಯ್ಯೋ, ವಾಪಸ್ ತಗೊಂಡು ಹೋಗಪ್ಪಾ!"

"ಕತ್ತರಿಸಿದ ಬಟ್ಟೆ ನೀವು ವಾಪಸ್ ತಗೋತೀರಾ ಯಜಮಾನ್ರೇ?" ಎಂದು ಕೇಳಿ ಡ್ರೈವರು ಹೋಗಿಯೇಬಿಟ್ಟ.

ಬೀದಿಯವರು ಬಂದರು. ನಗುವುದಕ್ಕೆ ಬಂದವರಲ್ಲ, ಅವರ ಗಾಡಿಗಳೆಲ್ಲ ಒಳಗೆ ಸಿಕ್ಕಿಕೊಂಡಿದ್ದವು. ಸಂಜೆಯೊಳಗೆ ದಾರಿ ಬಿಡಿಸದಿದ್ದರೆ ಟೇಪಣ್ಣನನ್ನೇ ಅದರಡಿ ಹಾಕುತ್ತೇವೆ ಎಂದರು. ಅಷ್ಟು ಕಲ್ಲನ್ನು ನುಂಗುವ ಬಾಯಿ ಸುತ್ತಮುತ್ತ ಒಂದೇ ಇತ್ತು, ಹಿತ್ತಿಲ ಗುಂಡಿ. ಎಲ್ಲರೂ ಸೇರಿ ಬಾಂಡಲಿಯಲ್ಲಿ ಹೊತ್ತು ಹೊತ್ತು ಅದಕ್ಕೇ ಸುರಿದರು. ಗುಂಡಿ ತುಂಬಿತು. ಹೊಲಿಗೆಗೆಂದು ಬಿಟ್ಟಿದ್ದು ಮೇಲೆ ದಿಬ್ಬವಾಗಿ ಕೂತಿತು. ಉದ್ದಕ್ಕೆ, ಕಿರಿದಾಗಿ, ಬೂದುಬಣ್ಣಕ್ಕೆ ಮಲಗಿದ್ದ ಅದು ಈಜುಕೊಳದ ಹಾಗಂತೂ ಕಾಣಲಿಲ್ಲ. ಯಾವುದರ ಹಾಗೆ ಕಾಣುತ್ತದೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಸುದ್ದಿ ಕೇಳಿ ಓಡಿಬಂದ ಮೇಸ್ತ್ರಿ ತಲೆ ಮೇಲೆ ಕೈಹೊತ್ತ. "ತಳಕ್ಕೆ ಒಂದು ಗೇಣು ದಪ್ಪ ಸಾಕಿತ್ತಲ್ಲ ಯಜಮಾನ್ರೇ! ಇದನ್ನ ಇನ್ನು ಯಾರು ತೆಗೀತಾರೆ? ನನ್ನ ಕೈಲಾಗಲ್ಲ."

ಹಿತ್ತಿಲ ಬಾಗಿಲಿಗೆ ಒರಗಿ ನಿಂತ ಹೆಂಡತಿಗೆ ಎಲ್ಲವೂ ಕೇಳಿಸಿತು. ಅವಳು ಬೈಯಲಿಲ್ಲ. ಬೈದಿದ್ದರೆ ಟೇಪಣ್ಣ ಬದುಕಿಕೊಳ್ಳುತ್ತಿದ್ದ. "ಈ ಸಲ ನಂಬಿದ್ದೆ ರೀ," ಎಂದಳು, ಅಷ್ಟೇ.

ಮರುದಿನ ಅವನು ಎದ್ದಾಗ ಅವಳಿರಲಿಲ್ಲ. ಊರುಗೋಲೂ ಇರಲಿಲ್ಲ.

ಮುನಿಸಿಕೊಂಡು ತವರಿಗೆ ಹೋಗಿರಬೇಕೆಂದು ಅವಳ ತಮ್ಮನಿಗೆ ಫೋನು ಮಾಡಿದ. "ಇಲ್ಲಿಗೆ ಬಂದಿಲ್ವಲ್ಲ ಭಾವ!" ಅಡುಗೆಮನೆಯಿಂದ ನಡುಮನೆಗೆ ಬರುವಷ್ಟರಲ್ಲಿ ಗೋಡೆ ಹಿಡಿಯುವವಳು ಎಲ್ಲಿಗೆ ಹೋದಾಳು? ಬಸ್ ನಿಲ್ದಾಣ ನೋಡಿದ, ಆಸ್ಪತ್ರೆ ನೋಡಿದ. ಕೊನೆಗೆ ಸೇತುವೆಯ ಮೇಲೆ ನಿಂತು ಕೆಳಗಿನ ನೀರನ್ನೂ ನೋಡಿದ. ಮನೆಗೆ ಬಂದವನು ದಿಬ್ಬದ ಪಕ್ಕ ಕುಸಿದು ಗೊಳೋ ಎಂದು ಅತ್ತ.

ಅಳುವುದಕ್ಕೆ ಅದಕ್ಕಿಂತ ಕೆಟ್ಟ ಜಾಗ ಭೂಮಿಯ ಮೇಲೆ ಇನ್ನೊಂದಿರಲಿಲ್ಲ! ಗೋಡೆಗಳಾಚೆ ತಲೆಗಳೆದ್ದವು. ಸ್ವಲ್ಪ ಹೊತ್ತಿಗೆಲ್ಲ ಇನ್ಸ್‌ಪೆಕ್ಟರೇ ಬಂದರು. ಟೇಪಣ್ಣನ ಹೆಂಡತಿ ಮನೆಯಲ್ಲಿ ಕಾಣುತ್ತಿಲ್ಲ, ಹಿತ್ತಿಲಲ್ಲಿ ಹೊಸ ದಿಬ್ಬವಿದೆ ಎಂದು ಹಿಂದಿನ ಮನೆಯ ನರ್ಸಮ್ಮ ಠಾಣೆಗೆ ಹೇಳಿ ಬಂದಿದ್ದಳಂತೆ.

"ಹೆಂಡತಿ ಎಲ್ಲಿ?"

"ಗೊತ್ತಿಲ್ಲ ಸಾರ್."

"ಇದೇನಿದು?"

"ಈಜುಕೊಳ ಸಾರ್."

ಇನ್ಸ್‌ಪೆಕ್ಟರು ದಿಬ್ಬ ನೋಡಿದರು, ಅವನ ಮುಖ ನೋಡಿದರು. "ಇದರಲ್ಲಿ ಯಾರು ಇಳಿಯೋದು?"

"ನನ್ನ ಹೆಂಡತಿ ಸಾರ್."

ಅಷ್ಟು ಸಾಕಾಯಿತು. "ತೆಗೀರಿ!" ಎಂದು ಅಬ್ಬರಿಸಿದರು. "ನಿನ್ನೆ ನಾವೇ ತುಂಬಿದ್ದು ಸಾರ್, ಏನೂ ಇರಲಿಲ್ಲ," ಎಂದು ಬೀದಿಯವನೊಬ್ಬ ಗೊಣಗಿದ. "ಆಮೇಲೆ ರಾತ್ರಿ ಅಂತ ಒಂದಿತ್ತಲ್ಲ?" ಎಂಬ ಉತ್ತರ ಬಂತು. ನಿನ್ನೆ ತುಂಬಿದ ಕೈಗಳೇ ತೆಗೆಯಲು ನಿಂತವು. ಒಂದೊಂದು ಕಲ್ಲೂ ಸಾಕ್ಷಿ, ಎಲ್ಲವೂ ಠಾಣೆಯ ಹಿಂದಿನ ಮೈದಾನಕ್ಕೇ ಹೋಗಬೇಕು! ಪೊಲೀಸ್ ಲಾರಿ ಸಾಲದೆ ಇನ್ನೆರಡು ತರಿಸಿದರು.

ಟೇಪಣ್ಣ ಇಬ್ಬರು ಪೇದೆಗಳ ನಡುವೆ ಮೆಟ್ಟಿಲ ಮೇಲೆ ಕೂತಿದ್ದ. ತಾನೇನೂ ಮಾಡಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ಅಷ್ಟು ಜನ ಅಷ್ಟು ಖಾತ್ರಿಯಿಂದ ಅಗೆಯುತ್ತಿರುವಾಗ, ಏನಾದರೂ ಮಾಡಿಬಿಟ್ಟಿದ್ದೇನೋ ಎಂದು ಅವನಿಗೇ ಅನುಮಾನ ಹುಟ್ಟಿತು. ಅವಳ ಕಾಲು ತಿಂದದ್ದಂತೂ ತನ್ನ ಅಂಗಡಿಯೇ. ಅವಳೊಬ್ಬಳು ಸಿಕ್ಕಿದರೆ ಸಾಕು, ಕೊಳವೂ ಬೇಡ, ಮೀಸೆಯೂ ಬೇಡ ಎನ್ನಿಸಿತು. "ಕೈಗೆ ಕೋಳ ಹಾಕಿಬಿಡಿ ಸಾರ್," ಎಂದ. "ತಾಳು, ಇನ್ನೇನು ಸಿಗುತ್ತೆ," ಎಂದರು ಇನ್ಸ್‌ಪೆಕ್ಟರು ಬೆವರೊರೆಸಿಕೊಳ್ಳುತ್ತ.

ಹೊತ್ತಿಳಿಯುವಾಗ ಕೊನೆಯ ಪದರ ಉಳಿಯಿತು. ಎಲ್ಲರೂ ಬಗ್ಗಿದರು. ಪೇದೆ ಸಲಿಕೆ ಎತ್ತಿದ.

"ಸಾಕು, ನಿಲ್ಲಿಸ್ರಪ್ಪಾ!"

ಹಿಂದಿನ ಮನೆಯ ಕಿಟಕಿಯಲ್ಲಿ, ನರ್ಸಮ್ಮನ ಭುಜ ಹಿಡಿದು, ಹೆಂಡತಿ ನಿಂತಿದ್ದಳು.

ಇನ್ಸ್‌ಪೆಕ್ಟರ ಮುಖ ಕೆಂಪಾಯಿತು. "ಕಾಣ್ತಿಲ್ಲ ಅಂತ ಹೇಳಿದ್ದು ನೀವೇ ಅಲ್ವೇನಮ್ಮಾ?"

"ಅವರ ಮನೇಲಿ ಕಾಣ್ತಿಲ್ಲ ಅಂದೆ ಸಾರ್. ನಮ್ಮನೇಲಿದ್ದಾರಾ ಅಂತ ನೀವು ಕೇಳಲೇ ಇಲ್ಲ," ಎಂದಳು ನರ್ಸಮ್ಮ.

ಟೇಪಣ್ಣನಿಗೆ ಅದೊಂದೂ ಕೇಳಿಸಲಿಲ್ಲ. ಎದ್ದುಬಿದ್ದು ಗೋಡೆಯ ಹತ್ತಿರ ಓಡಿದ. ಅವನಿಗೆ ಅಳು ನಗು ಎರಡೂ ಒಟ್ಟಿಗೇ ಬರುತ್ತಿದ್ದವು. "ಬೆಳಿಗ್ಗೆಯಿಂದ ಅಲ್ಲೇ ಇದ್ದೀಯೇನೇ? ಸೇತುವೆವರೆಗೂ ಹೋಗಿ ಬಂದೆ ಕಣೇ ನಾನು! ಇಷ್ಟು ಹೊತ್ತು ಯಾಕೆ ಸುಮ್ಮನಿದ್ದೆ?"

ಅವಳು ಕತ್ತು ಚಾಚಿ ಗುಂಡಿಯ ತಳವನ್ನು ಚೆನ್ನಾಗಿ ನೋಡಿಕೊಂಡಳು.

"ಒಂದು ಗೇಣಿಗೆ ಬರಲಿ ಅಂತ ಕಾಯ್ತಿದ್ದೆ ರೀ."